ಹಣ್ಣಾದ ಹುಳದ ಬಣ್ಣ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಆರು ತಿಂಗಳು ಊರೆಲ್ಲ ಕೇಳುವ ಹಾಗೆ ಮದ್ದೂರಿನ ಕಣ್ಣಿನ ಶಿಬಿರದ ಡಾಕ್ಟರನ್ನು ಬೈದುಕೊಂಡು ಓಡಾಡಿದೆ. ಪಾಪ, ಆ ಮನುಷ್ಯನ ಹೆಸರೂ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಹೋಗಿ, ಬೈದದ್ದನ್ನೆಲ್ಲ ವಾಪಸ್ ತಗೊಂಡೆ ಎಂದು ಹೇಳಿ ಬರುತ್ತಿದ್ದೆ. ಬೈಯುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ, ಒಪ್ಪಿಕೊಳ್ಳುವುದರಲ್ಲೂ ಹಿಂದೆ ಬೀಳುವುದಿಲ್ಲ.

ನನ್ನ ಹೆಸರು ಇಂದ್ರಮ್ಮ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ ರೇಷ್ಮೆ ಹುಳ ಸಾಕುತ್ತೇನೆ. ಸಾಕುವ ಮನೆಗಳು ಊರಲ್ಲಿ ಇನ್ನೂ ಇಪ್ಪತ್ತಿವೆ. ಆದರೆ ಹುಳ ಹಣ್ಣಾಯಿತೋ ಇಲ್ಲವೋ ಎಂದು ಹೇಳಲು ಎಲ್ಲರೂ ಕರೆಯುವುದು ನನ್ನನ್ನೇ. ಹುಳ ನಾಲ್ಕು ಸಲ ಚರ್ಮ ಕಳಚಿ, ಆಮೇಲೆ ಏಳೆಂಟು ದಿನ ಹಿಪ್ಪುನೇರಳೆ ಸೊಪ್ಪು ಮೇದು, ಒಂದು ದಿನ ತಿನ್ನುವುದನ್ನು ನಿಲ್ಲಿಸುತ್ತದೆ. ಮೈಯ ಹಸಿರು ಹೋಗಿ ಕತ್ತಿನ ಹತ್ತಿರ ತೆಳ್ಳಗೆ ಹಳದಿ ಇಳಿಯುತ್ತದೆ. ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುತ್ತದೆ. ಅದನ್ನು ನಾವು ಹಣ್ಣು ಎನ್ನುತ್ತೇವೆ, ಆಗದೇ ಇದ್ದದ್ದು ಕಾಯಿ. ಹಣ್ಣನ್ನು ಮಾತ್ರ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಬಿಡಬೇಕು. ಮುಂಚೆ ಬಿಟ್ಟರೆ ಹಸಿದು ಅಲೆದು ಸಾಯುತ್ತವೆ, ತಡಮಾಡಿದರೆ ಸೊಪ್ಪಿನ ಮೇಲೇ ನೂಲು ಉಗುಳಿ ಹಾಳಾಗುತ್ತವೆ. ಕತ್ತೆತ್ತಿ ಆಡಿಸುವಾಗ ಯಾರಿಗಾದರೂ ಗೊತ್ತಾಗುತ್ತದೆ, ಆದರೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೆ ಮುಂಚೆ ಬಣ್ಣ ನೋಡಿ ಹೇಳಬೇಕು.

ಹೋದ ವರ್ಷ ದೀಪಾವಳಿ ಹೊತ್ತಿನ ಬೆಳೆಯಲ್ಲಿ ನಾನು ಎಡವಿದೆ. ತಟ್ಟೆ ನೋಡಿದರೆ ಎಲ್ಲ ಹಳದಿ. "ಹಣ್ಣಾಗವೆ, ಆಯ್ರಿ" ಎಂದೆ. ಆಳುಗಳು ಆಯ್ದು ಚಂದ್ರಿಕೆಗೆ ಬಿಟ್ಟರು. ಬೆಳಗ್ಗೆ ಬಾಗಿಲು ತೆಗೆದರೆ ಅರ್ಧಕ್ಕಿಂತ ಜಾಸ್ತಿ ಹುಳ ಗೋಡೆಯ ಮೇಲೆ, ನೆಲದ ಮೇಲೆ, ಸೊಪ್ಪು ಹುಡುಕಿಕೊಂಡು ಹರಿದಾಡುತ್ತಿವೆ. ನನ್ನ ಗಂಡ ಮಾದಯ್ಯನಿಗೆ ಮಾತು ಕಡಿಮೆ. ಒಂದು ಹುಳ ಎತ್ತಿ ನೋಡಿ, "ಇಂದ್ರಾ, ಇವು ಕಾಯಿ ಕಣೆ" ಎಂದ. ಅಷ್ಟೇ ಅಂದದ್ದು. ಅವನು ಬೈದಿದ್ದರೆ ವಾಸಿಯಿತ್ತು, ನಾನೂ ನಾಲ್ಕು ಮಾತು ಬೈಯಬಹುದಿತ್ತು.

ಯೋಚಿಸಿ ನೋಡಿದರೆ ಸೂಚನೆ ಮೊದಲೇ ಇತ್ತು. ಅವನ ಬಿಳಿ ಪಂಚೆ ಹಳದಿಗಟ್ಟಿದೆ ಎಂದು ಒಂದೇ ವಾರದಲ್ಲಿ ಮೂರು ಸಲ ನೀಲಿ ಹಾಕಿ ಒಗೆದಿದ್ದೆ. ಕೊಳೆ ಪಂಚೆಯಲ್ಲಿರಲಿಲ್ಲ, ನನ್ನ ಕಣ್ಣಲ್ಲಿತ್ತು. ಮದ್ದೂರಿನ ಶಿಬಿರಕ್ಕೆ ಹೋದಾಗ ಎರಡೂ ಕಣ್ಣಲ್ಲಿ ಪೊರೆ ಬಂದಿದೆ, ಬಲಗಣ್ಣು ಮೊದಲು ಮಾಡೋಣ ಎಂದರು. ಐವತ್ತನಾಲ್ಕಕ್ಕೇ ಪೊರೆಯಾ ಎಂದು ಕೇಳಿದೆ, ಕೆಲವರಿಗೆ ಬೇಗ ಬರುತ್ತೆ ಎಂದರು. ಅರ್ಜಿ ಬರೆದುಕೊಳ್ಳುವ ಹುಡುಗಿ ಕೇಳಿದಳು, "ಇದಕ್ ಮೊದ್ಲು ಕಣ್ಗೆ ಏನಾರ ಮಾಡ್ಸಿದ್ರಾ ಅಮ್ಮ?"

"ಏನೂ ಇಲ್ಲ, ಬರ್ಕೊ" ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಇಪ್ಪತ್ತಮೂರು ವರ್ಷದ ಹಿಂದೆ ಹತ್ತೇ ನಿಮಿಷದಲ್ಲಿ ಮುಗಿದ ಕೆಲಸ. ಹೊಲಿಗೆ ಇಲ್ಲ, ಹಾಸಿಗೆ ಇಲ್ಲ, ಮಲಗಿ ಎದ್ದು ನಡೆದುಕೊಂಡು ಬಂದದ್ದು. ಅದನ್ನು ಯಾರು ನೆನಪಿಟ್ಟುಕೊಂಡು ಹೇಳುತ್ತಾರೆ? ಹಿಂದೆ ಸಾಲು ಬೇರೆ ಉದ್ದ ಇತ್ತು, ಬಸ್ಸಿಗೆ ಹೊತ್ತಾಗುತ್ತಿತ್ತು.

ಆ ಹತ್ತು ನಿಮಿಷದ ಕಥೆ ಇದು. ಚಿಕ್ಕಂದಿನಿಂದ ನನಗೆ ದಪ್ಪ ಗಾಜಿನ ಕನ್ನಡಕ. ಭಾರತೀನಗರದ ಕಾಲೇಜಿನಲ್ಲಿ ಎರಡು ವರ್ಷ ಓದಿದೆ, ಅಲ್ಲಿ ನನ್ನ ಹೆಸರು ಸೋಡಾಬುಡ್ಡಿ. ಮದುವೆಯಾಗಿ ಬಂದ ಮೇಲೆ ಹುಳದ ತಟ್ಟೆಯ ಮೇಲೆ ಬಗ್ಗಿದರೆ ಕನ್ನಡಕ ಜಾರಿ ಹುಳದ ನಡುವೆ ಬೀಳುವುದು. ತಟ್ಟೆಯ ತೇವ ಆರಲೆಂದು ಸುಣ್ಣದ ಪುಡಿ ಎರಚಿದರೆ ಗಾಜು ಮಂಕಾಗುವುದು. ಎರಡು ಸಾವಿರದ ಎರಡನೇ ಇಸವಿಯಲ್ಲಿ ಬೆಳೆ ಕೈಹಿಡಿಯಿತು. ನನ್ನ ವಾರಗಿತ್ತಿ ಸರ ಮಾಡಿಸಿಕೊಂಡಳು, ನಾನು ಕಣ್ಣು ಮಾಡಿಸಿಕೊಂಡೆ. ಬೆಂಗಳೂರಿಗೆ ಹೋಗಿ ಲೇಸರ್ ಹಾಕಿಸಿಕೊಂಡು ಬಂದೆ. ಮಾರನೇ ಶನಿವಾರವೇ ಮುತ್ತತ್ತಿಗೆ ಹೋಗಿ, ಆಂಜನೇಯನಿಗೆ ಕೈಮುಗಿದು, ಕನ್ನಡಕವನ್ನು ಕಾವೇರಿಗೆ ಎಸೆದು, "ಇನ್ನು ನನ್ನ ಮೂಗಿನ ಮೇಲೆ ಕನ್ನಡಕ ಕೂರಲ್ಲ" ಎಂದು ಹೇಳಿ ಬಂದೆ. ಹೊಳೆಗೆ ಎಸೆಯಬಾರದು ಎಂಬ ತಿಳಿವಳಿಕೆ ಆಗ ಇರಲಿಲ್ಲ. ಇಪ್ಪತ್ತೆರಡು ವರ್ಷ ಆ ಕಣ್ಣಲ್ಲಿ ರಾಣಿಯ ಹಾಗೆ ಬಾಳಿದೆ.

ಶಿಬಿರದಲ್ಲಿ ಬಲಗಣ್ಣು ಮಾಡಿದ ಮೇಲೆ ಪಟ್ಟಿ ಬಿಚ್ಚಿದಾಗ ಪಂಚೆ ಬೆಳ್ಳಗೆ ಕಂಡಿತು. ಸಂತೋಷಪಟ್ಟೆ. ಹುಳದ ಮನೆಗೆ ಹೋಗಿ ಒಂದು ಹುಳ ಎತ್ತಿದೆ, ಕಾಣಲಿಲ್ಲ. ಬಣ್ಣ ಇದೆ, ಆಕಾರ ಇಲ್ಲ. ಕೈ ಪೂರ್ತಿ ಚಾಚಿದರೂ ಕತ್ತು ಯಾವುದು ಬಾಲ ಯಾವುದು ಗೊತ್ತಾಗಲಿಲ್ಲ. ವಾಪಸ್ ಹೋಗಿ ಕೇಳಿದರೆ, ಯಾಕೋ ನಂಬರ್ ಸ್ವಲ್ಪ ತಪ್ಪಿದೆ, ಕನ್ನಡಕ ಕೊಡುತ್ತೇವೆ ಎಂದರು. ಕನ್ನಡಕ ಅಂದ ತಕ್ಷಣ ನನಗೆ ನೆತ್ತಿಗೇರಿತು. ಅಲ್ಲಿಂದ ಶುರುವಾದ ಬೈಗುಳ ಪೂರಿಗಾಲಿಯವರೆಗೂ ನಿಲ್ಲಲಿಲ್ಲ.

ಆಗ ನನಗೆ ಇದ್ದದ್ದು ಇಷ್ಟು: ಬಣ್ಣ ತಿಳಿದು ಆಕಾರ ತಿಳಿಯದ ಬಲಗಣ್ಣು, ಆಕಾರ ತಿಳಿದು ಎಲ್ಲವನ್ನೂ ಹಳದಿ ಎನ್ನುವ ಎಡಗಣ್ಣು. ಎರಡು ಬೆಳೆ ಮಾದಯ್ಯನೇ ಅಂದಾಜಿನ ಮೇಲೆ ಇಳಿಸಿದ, ಎರಡೂ ಅರ್ಧಂಬರ್ಧ. ಒಂದು ದಿನ ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಾ ಹೇಳಿದ, "ಮುಂದ್ಲ ಬೆಳೆ ನೋಡಾನ. ಅದೂ ಕೈಕೊಟ್ರೆ ಹುಳದ್ ಮನೆನ ಕುರಿ ಕೊಟ್ಗೆ ಮಾಡಾನ ಕಣೆ."

"ನನ್ನ ಎಣ ಎತ್ತುದ್ ಮ್ಯಾಲೆ ಕುರಿ ಕಟ್ಕೋ" ಎಂದೆ.

ಆದರೆ ಒಳಗೆ ಹೆದರಿದ್ದೆ. ಉಳಿದದ್ದು ಒಂದೇ ಕಣ್ಣು. ಅದಕ್ಕೂ ತಪ್ಪು ಗಾಜು ಕೂತರೆ ನಾನು ಹುಳದ ಮನೆಯ ಬಾಗಿಲಲ್ಲಿ ನಿಂತು ಬೇರೆಯವರನ್ನು ಕೇಳಬೇಕು, ಹಣ್ಣಾ ಕಾಯಾ ಎಂದು. ಅದಕ್ಕಿಂತ ಕುರಿಯೇ ವಾಸಿ.

ಎಡಗಣ್ಣಿಗೆ ಮಂಡ್ಯಕ್ಕೆ ಹೋದೆವು. ಚಿಕ್ಕ ಆಸ್ಪತ್ರೆ, ಡಾಕ್ಟರ ಹೆಸರು ನಾಗಶ್ರೀ, ಮೂವತ್ತೈದು ಮೂವತ್ತಾರು ಇರಬಹುದು. ಒಳಗೆ ಹೋಗಿ ಕೂತವಳೇ ಮದ್ದೂರಿನ ಡಾಕ್ಟರನ್ನು ಬೈಯಲು ಶುರುಮಾಡಿದೆ. ಆಕೆ ಕೇಳುತ್ತಾ ಕೇಳುತ್ತಾ ನನ್ನ ಗದ್ದವನ್ನು ಯಂತ್ರಕ್ಕೆ ಆನಿಸಿದಳು. ಪರದೆಯ ಮೇಲೆ ಕಣ್ಣಿನ ನಕ್ಷೆ ಬಂತು, ನಡುವೆ ಒಂದು ದುಂಡು ನೀಲಿ.

"ಅಮ್ಮ, ಒಂದ್ ನಿಮಿಷ ಬೈಯೋದು ನಿಲ್ಸಿ. ಲೇಸರ್ ಯಾವಾಗ ಮಾಡ್ಸಿದ್ರಿ?"

ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಮಾದಯ್ಯ ಹೇಳಿದ, "ನಮ್ಮ ಮಗ ಮಾದೇಶ ಉಟ್ಟಿದ್ ವರ್ಸ."

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದಳು. ಕಣ್ಣಿನ ಮುಂದೆ ಒಂದು ಗಾಜಿನಂಥ ಪದರ ಇದೆ. ಲೇಸರ್ ಅದರ ನಡುವನ್ನು ಹೆರೆದು ಚಪ್ಪಟೆ ಮಾಡಿದೆ, ಆ ನೀಲಿ ಅದೇ. ಪೊರೆ ತೆಗೆದು ಒಳಗಿಡುವ ಲೆನ್ಸಿನ ನಂಬರನ್ನು ಯಂತ್ರ ಆ ಪದರದ ಉಬ್ಬು ನೋಡಿಯೇ ಲೆಕ್ಕ ಹಾಕುವುದು. ಹೆರೆದ ಕಣ್ಣನ್ನು ಹೆರೆಯದ ಕಣ್ಣು ಎಂದುಕೊಂಡು ಲೆಕ್ಕ ಹಾಕಿದರೆ ಕಡಿಮೆ ನಂಬರಿನ ಲೆನ್ಸು ಬೀಳುತ್ತದೆ, ಹತ್ತಿರದ್ದು ಕಾಣದೆ ಹೋಗುತ್ತದೆ.

"ಅಂಗಾರೆ ಅವ್ರು ತಪ್ಪು ಮಾಡ್ನಿಲ್ವಾ?" ಎಂದೆ.

"ನೀವು ಹೇಳಿದ್ದಕ್ಕೆ ಸರಿಯಾಗೇ ಮಾಡವ್ರೆ. ಲೇಸರ್ ಆಗಿದೆ ಅಂದಿದ್ರೆ ಬೇರೆ ಲೆಕ್ಕ ಹಾಕೋರು."

ಆರು ತಿಂಗಳ ಬೈಗುಳ ಎಲ್ಲ ವಾಪಸ್ ಬಂದು ನನ್ನ ಮಡಿಲಿಗೇ ಬಿತ್ತು. ಮಾದಯ್ಯ ಕಿಟಕಿಯ ಕಡೆ ತಿರುಗಿ ನಿಂತ. ನಗುತ್ತಿದ್ದ, ಭುಜ ನೋಡಿದರೆ ಗೊತ್ತಾಗುತ್ತಿತ್ತು.

"ಲೇಸರ್‌ಗೆ ಮೊದ್ಲು ಕನ್ನಡಕದ ನಂಬರ್ ಎಷ್ಟಿತ್ತು? ಅದು ಸಿಕ್ಕಿದ್ರೆ ನನಗೆ ಅನುಕೂಲ."

"ಏಳೂವರೆನೋ ಎಂಟೂವರೆನೋ ಇತ್ತು."

"ಹಳೇ ಕನ್ನಡಕ ಇದ್ರೆ ತನ್ನಿ, ಅಳೆದು ನೋಡ್ತೀನಿ."

"ಕಾವೇರಿಲದೆ" ಎಂದ ಮಾದಯ್ಯ. "ಮುತ್ತತ್ತಿಲಿ ಎಸ್ದವ್ಳೆ. ಆಂಜ್ನೇಯ ಅಲ್ಲಿ ಹೊಳೇಲ್ ಬಿದ್ದ ಸೀತಮ್ಮನ ಮೂಗ್ಬೊಟ್ಟು ತಗ್ಕೊಟ್ಟಂಗೆ ಇದ್ನೂ ತಗ್ಕೊಡ್ತಾನೇನೋ ಕೇಳ್ಬೇಕು."

"ಸುಮ್ಕಿರು ನೀನು."

"ಹೋಗ್ಲಿ, ಲೇಸರ್ ಆಸ್ಪತ್ರೆ ಫೈಲು?"

ಆಸ್ಪತ್ರೆ ಇದ್ದ ಜಾಗದಲ್ಲಿ ಈಗ ಬಟ್ಟೆ ಅಂಗಡಿ ಇದೆ. ಫೈಲು ಮನೆಯಲ್ಲೇ ಇತ್ತು, ಇಲ್ಲವೆನ್ನುವುದಿಲ್ಲ. ತಟ್ಟೆಯಲ್ಲಿ ಹುಳದ ಕೆಳಗೆ ಕಾಗದ ಹಾಸುತ್ತೇವೆ. ಒಂದು ಬೆಳೆಯಲ್ಲಿ ಪೇಪರು ಸಾಲಲಿಲ್ಲ, ಫೈಲು ಒಳ್ಳೆ ದಪ್ಪ ಕಾಗದ, ತೇವ ಹೀರುವುದಿಲ್ಲ ಎಂದು ಬಿಚ್ಚಿ ಹಾಸಿದೆ. ಇದನ್ನೂ ಹೇಳಿದೆ. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ.

"ಹುಳ ತಿಂದ್ಬುಟ್ವಾ?"

"ಹುಳ ಕಾಗ್ದ ತಿಂದಾವಾ ಡಾಕ್ಟ್ರೇ? ಹುಳದ್ ಇಕ್ಕೆ ಜೊತೆ ಗುಡ್ಸಿ ತಿಪ್ಪೆಗಾಕ್ದೆ."

"ಶಿಬಿರದಲ್ಲಿ ಬಲಗಣ್ಗೆ ಯಾವ ಲೆನ್ಸ್ ಹಾಕಿದ್ರು ಅನ್ನೋ ಕಾರ್ಡಾದ್ರೂ ಐತಾ, ಅದೂ ಹುಳದ ಕೆಳಗಾ?"

ಅದು ಇತ್ತು. ಜಗಳಕ್ಕೆ ಬೇಕಾಗುತ್ತದೆ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನ ಮಾಡಿದ್ದೆ. ಬ್ಯಾಗಿನಿಂದ ತೆಗೆದು ಕೊಟ್ಟೆ. ಡಾಕ್ಟರ ಮುಖ ಅರಳಿತು. "ಸಾಕು ಬುಡಿ. ಎರಡೂ ಕಣ್ಗೆ ಒಂದೇ ದಿನ, ಒಂದೇ ಥರ ಲೇಸರ್ ಆಗಿದೆ. ಬಲಗಣ್ಣು ಎಷ್ಟು ತಪ್ಪಿದೆ ಅಂತ ಗೊತ್ತಾದ್ರೆ ಎಡಗಣ್ಗೆ ಎಷ್ಟು ಸೇರಿಸ್ಬೇಕು ಅಂತ ತಿಳೀತದೆ. ಲೇಸರ್ ಆದ ಕಣ್ಣಿನ ಲೆಕ್ಕನೇ ಬೇರೆ ಇದೆ, ಅದನ್ನೂ ಹಾಕಿ ಎರಡನ್ನೂ ತಾಳೆ ನೋಡ್ತೀನಿ."

ಕೆಟ್ಟ ಕಣ್ಣು ಒಳ್ಳೆ ಕಣ್ಣಿಗೆ ದಾರಿ ಹೇಳುತ್ತದೆ ಎಂದಾಯಿತು. ನನಗೆ ಅರ್ಧ ಧೈರ್ಯ ಬಂತು.

ಆಮೇಲೆ ಯಾವ ಥರದ ಲೆನ್ಸು ಎಂಬ ಮಾತು. ಆಸ್ಪತ್ರೆಯಲ್ಲಿ ಅಂಬರೀಶ್ ಎಂಬ ಹುಡುಗ ಲೆನ್ಸಿನ ಪಟ್ಟಿ ತೋರಿಸುವವನು, ಬಣ್ಣದ ಹಾಳೆ ಬಿಚ್ಚಿದ. ದೂರ, ಹತ್ತಿರ, ನಡುವೆ ಮೂರೂ ಕಾಣಿಸುವ ಲೆನ್ಸು ಇದೆ ಎಂದ. ಡಾಕ್ಟರು ಹಾಳೆ ಮಡಚಿಸಿದಳು. "ಅದು ಬೆಳಕನ್ನ ಮೂರು ಪಾಲು ಮಾಡ್ತದೆ. ಲೇಸರ್‌ನಲ್ಲಿ ಹೆರೆದಿರೋ ಕಣ್ಣಲ್ಲಿ ಎಲ್ಲಾನೂ ಮಂಕು ಮಾಡ್ಬಹುದು, ದೀಪದ ಸುತ್ತ ಬಳೆ ಬಳೆ ಕಾಣ್ಬಹುದು. ನಿಮಗೆ ಒಂದೇ ದೂರದ ಲೆನ್ಸೇ ಸರಿ. ಯಾವ ದೂರ ಬೇಕು ಹೇಳಿ. ಎಲ್ಲರೂ ಬಸ್ಸಿನ ಬೋರ್ಡು ಕಾಣ್ಲಿ ಅಂತಾರೆ."

"ಬಸ್ಸಿನ್ ಬೋರ್ಡ ಇವ್ನು ಓದ್ತಾನೆ" ಎಂದು ಮಾದಯ್ಯನನ್ನು ತೋರಿಸಿದೆ. "ನಂಗೆ ಹುಳದ್ ದೂರ ಬೇಕು."

"ಇನ್ನೊಂದು. ಒಂದು ಲೆನ್ಸು ತಿಳಿಯಾಗಿರ್ತದೆ, ಒಂದಕ್ಕೆ ಸ್ವಲ್ಪ ಹಳದಿ ಛಾಯೆ ಇರ್ತದೆ. ನಾನು ಸಾಮಾನ್ಯವಾಗಿ ಎರಡನೇದು ಹಾಕೋದು."

"ಹಳ್ದಿನಾ? ಬ್ಯಾಡವೇ ಬ್ಯಾಡ. ಆ ಹಳ್ದಿ ಕಳ್ಕಳಕ್ಕೆ ತಾನೆ ನಾನಿಲ್ಲಿಗ್ ಬಂದಿರಾದು?"

"ತುಂಬಾ ತೆಳು ಅಮ್ಮ, ಜನಕ್ಕೆ ಗೊತ್ತೇ ಆಗಲ್ಲ."

"ಜನಕ್ಕಾಗಲ್ಲ, ನಂಗಾಯ್ತದೆ. ಹುಳದ್ ಬಣ್ಣ ನಿಮ್ಗೇನ್ ಗೊತ್ತು? ನಾಳಿದ್ದು ಬತ್ತೀನಿ, ತೋರುಸ್ತೀನಿ."

ಡಾಕ್ಟರು ಏನೋ ಹೇಳಲು ಹೊರಟವಳು, ಬನ್ನಿ ಎಂದಳು.

ಊರಲ್ಲಿ ಚಿಕ್ಕಣ್ಣನ ಮನೆಯ ಹುಳ ಆ ದಿನವೇ ಹಣ್ಣಾಗುತ್ತಿದ್ದವು. ಹತ್ತು ಹಣ್ಣು, ಹತ್ತು ಕಾಯಿ, ಚಿಕ್ಕಣ್ಣನ ಕೈಲೇ ಆಯಿಸಿ, ಟಿಫಿನ್ ಡಬ್ಬಿಯ ಎರಡು ಅಂತಸ್ತಿನಲ್ಲಿ ಬೇರೆ ಬೇರೆ ಹಾಕಿ, ಮುಚ್ಚಳಕ್ಕೆ ತೂತು ಮಾಡಿ ಬಸ್ಸು ಹತ್ತಿದೆ. ಭಾರತೀನಗರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಅರ್ಧ ಗಂಟೆ ನಿಂತೆವು. ಪಕ್ಕದ ಹೆಂಗಸು, "ಏನಕ್ಕ, ಚಿತ್ರಾನ್ನನಾ?" ಎಂದು ಕೇಳಿದಳು. ತೆಗೆದು ತೋರಿಸಿದೆ. ಮಂಡ್ಯದವರೆಗೆ ನನಗೆ ಪೂರ್ತಿ ಸೀಟು ಸಿಕ್ಕಿತು.

ಡಾಕ್ಟರ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಪ್ಪತ್ತು ಹುಳವನ್ನೂ ಕಲೆಸಿ ಬಿಟ್ಟೆ. ಅಂಬರೀಶ್ ಬಾಗಿಲ ಹತ್ತಿರ ಹೋಗಿ ನಿಂತ. ಡಾಕ್ಟರು ಒಂದು ಕಬ್ಬಿಣದ ಚೌಕಟ್ಟು ತಂದು, ಬಲಗಣ್ಣಿಗೆ ಹುಳ ಕಾಣುವಂತೆ ಗಾಜು ಹಾಕಿ, ಎಡಗಣ್ಣು ಮುಚ್ಚಿ, ನನ್ನ ಮೂಗಿನ ಮೇಲೆ ಇಡಲು ಬಂದಳು. ನಾನು ಹಿಂದೆ ಸರಿದೆ.

"ಇದು ಅಳತೆ ಚೌಕಟ್ಟು, ಕನ್ನಡಕ ಅಲ್ಲ. ಮುತ್ತತ್ತಿ ದೇವ್ರಿಗೆ ನಾನು ಹೇಳ್ಕೊತೀನಿ, ಹಾಕ್ಕೊಳಿ."

ಹಾಕಿಕೊಂಡೆ. ಅಬ್ಬಾ, ಹುಳ! ಒಂದು ವರ್ಷವಾಗಿತ್ತು ಹುಳವನ್ನು ಹಾಗೆ ನೋಡಿ. ಕಾಲು, ಮೈಯ ಮಡಿಕೆ, ಕತ್ತಿನ ಗೆರೆ ಎಲ್ಲ ಕಂಡವು. ನನಗೆ ಅಳು ಬಂತು, ತಡೆದುಕೊಂಡೆ. ಒಂದೊಂದೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಬೇರೆ ಮಾಡಿದೆ. ಹಾಗೆ ಹಿಡಿದಿದ್ದಾಗ ಡಾಕ್ಟರು ಟೇಪು ತಂದು ನನ್ನ ಕಣ್ಣಿನಿಂದ ಹುಳದವರೆಗೆ ಅಳೆದಳು. ಎರಡು ಅಡಿಗೆ ಎರಡು ಬೆರಳು ಕಡಿಮೆ. "ಇದೇ ನಿಮ್ಮ ದೂರ" ಎಂದು ಬರೆದುಕೊಂಡಳು. ಹತ್ತು ಹಣ್ಣು, ಹತ್ತು ಕಾಯಿ, ಒಂದೂ ತಪ್ಪಲಿಲ್ಲ.

ಮತ್ತೆ ಕಲೆಸಿ, ಚೌಕಟ್ಟಿಗೆ ತೆಳು ಹಳದಿ ಗಾಜೊಂದನ್ನು ಸೇರಿಸಿದಳು. ಬೇರೆ ಮಾಡಿದೆ. ಎರಡು ತಪ್ಪಿತು. ನಾನು ಗೆದ್ದವಳ ಹಾಗೆ ಕೂತೆ.

"ಎರಡೇ ತಾನೆ" ಎಂದ ಅಂಬರೀಶ್ ಬಾಗಿಲಿಂದ.

"ಇಪ್ಪತ್ರಲ್ಲಿ ಎರಡು ಕಣಪ್ಪ. ನನ್ ತಟ್ಟೆಲಿ ಇಪ್ಪತ್ ಸಾವ್ರ ಅವೆ."

ನಾನು ತಪ್ಪಿದ ಹುಳಗಳಲ್ಲಿ ಒಂದನ್ನು ಡಾಕ್ಟರು ಬರಿಗೈಯಲ್ಲಿ ಎತ್ತಿದಳು. ಹೆಬ್ಬೆರಳು, ಎರಡು ಬೆರಳಿನ ನಡುವೆ ಮೆಲ್ಲಗೆ ಹಿಡಿದು, ಮೊಣಕೈಯನ್ನು ಸೊಂಟಕ್ಕೆ ಆನಿಸಿ, ಹುಳದ ಕತ್ತನ್ನು ಬೆಳಕಿಗೆ ಓರೆ ಮಾಡಿದಳು. "ಇದಿನ್ನೂ ಕಾಯಿ ಕಣವ್ವ" ಎಂದಳು.

ಹಾಗೆ ಮೊಣಕೈಯನ್ನು ಸೊಂಟಕ್ಕೆ ಆನಿಸಿ ಹುಳ ಹಿಡಿಯುವವರನ್ನು ನಾನು ಒಬ್ಬಳನ್ನೇ ನೋಡಿದ್ದೆ, ಅವಳಿಂದ ನಾನು ಕಲಿತದ್ದು. ಆ ಮಾತೂ ಅವಳದೇ.

"ನೀವು ಯಾರ ಮಗ್ಳು?"

"ಸೋಮಮ್ಮನ ಮಗ್ಳು. ನಮ್ದೂ ಪೂರಿಗಾಲಿನೇ. ನಮ್ಮಪ್ಪ ಕೆಂಪಸಿದ್ದಯ್ಯಂಗೆ ಸ್ಕೂಲಲ್ಲಿ ಕೆಲ್ಸ ಸಿಕ್ಮೇಲೆ ಮಳವಳ್ಳಿಗೆ ಹೋದ್ವಿ. ನಮ್ಮವ್ವ ನಿಮ್ಮನೆ ಜಗಲಿ ಮೇಲೆ ಹಣ್ಣುಳ ಆಯೋರು. ಪಕ್ಕದಲ್ಲಿ ಕೂತು ನಾನೂ ಆಯ್ದಿದ್ದೀನಿ. ಮೊದಲ ದಿವ್ಸನೇ ಗೊತ್ತಾಯ್ತು ನೀವು ಅಂತ. ಬೈತಾ ಇದ್ರಿ, ಮಧ್ಯ ಯಾಕೆ ಬಾಯಿ ಹಾಕೋದು ಅಂತ ಸುಮ್ನಿದ್ದೆ."

ಜಗಲಿಯ ಮೇಲೆ. ಯಾಕೆ ಜಗಲಿ ಎಂದು ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಮ್ಮತ್ತೆ ಅವರ ಕೇರಿಯವರನ್ನು ಹುಳದ ಮನೆಯೊಳಗೆ ಬಿಡುತ್ತಿರಲಿಲ್ಲ. ತಟ್ಟೆಗಳನ್ನು ನಾನೇ ಹೊತ್ತು ತಂದು ಜಗಲಿಯ ಮೇಲೆ ಇಡುತ್ತಿದ್ದೆ, ಅವರು ಅಲ್ಲೇ ಕೂತು ಆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡು ಎಲ್ಲ ಹುಳವೂ ಒಂದೇ ಎಂದು ಒದ್ದಾಡುತ್ತಿದ್ದಾಗ, ಅತ್ತೆ ಇಲ್ಲದ ಹೊತ್ತು ನೋಡಿ ಸೋಮಮ್ಮ ನನ್ನ ಮಣಿಕಟ್ಟು ಹಿಡಿದು ಕಲಿಸಿದಳು. ಎಷ್ಟು ದೂರ ಹಿಡಿಯಬೇಕು, ಎಲ್ಲಿ ನೋಡಬೇಕು, ಯಾವುದು ಹಣ್ಣು. ನಾವು ಮನೆಯಲ್ಲಿ ಅವಳನ್ನು ಸೋಮಿ ಎನ್ನುತ್ತಿದ್ದೆವು. ನಾನೂ ಹಾಗೇ ಅನ್ನುತ್ತಿದ್ದೆ, ಅವಳು ನನಗಿಂತ ಹದಿನೆಂಟು ವರ್ಷ ದೊಡ್ಡವಳು. ಯಾರಿಂದ ಕಲಿತೆ ಎಂದು ಊರವರು ಕೇಳಿದಾಗಲೆಲ್ಲ ನಮ್ಮತ್ತೆಯಿಂದ ಎಂದು ಹೇಳಿಕೊಂಡು ಬಂದಿದ್ದೇನೆ. ಅಲ್ಲಿ ಕೂತಾಗ ನನಗೆ ನಾಚಿಕೆಯಾಯಿತು. ಎಷ್ಟೆಂದರೆ ಬೈಯಲು ಕೂಡ ಯಾರೂ ಸಿಗಲಿಲ್ಲ.

"ತಿಳಿ ಲೆನ್ಸೇ ಹಾಕ್ತೀನಿ" ಎಂದಳು ಡಾಕ್ಟರು. "ಹುಳದ ದೂರಕ್ಕೇ ಇಡ್ತೀನಿ. ಬೋರ್ಡು ಓದಕ್ಕೆ ಕನ್ನಡಕ ಬೇಕಾಗ್ತದೆ, ಎರಡೂ ಕಣ್ಣು ಹೊಂದ್ಕೊಳಕ್ಕೆ ಒಂದಷ್ಟು ದಿನ ಹಿಡೀತದೆ. ಆಗಬಹುದಾ?"

"ಹುಳದ್ ಮನೆ ಒಳೀಕ್ ಕನ್ನಡ್ಕ ಬ್ಯಾಡ. ಮಿಕ್ಕಿದ್ದು ಏನಾರ ಆಗ್ಲಿ. ನೀನು ಮಾಡವ್ವ, ನಂಗೆ ನಂಬ್ಕೆ ಅದೆ."

ಮುಂದಿನ ವಾರ ಎಡಗಣ್ಣು ಮಾಡಿದಳು. ಕಾಲು ಗಂಟೆಯೂ ಹಿಡಿಯಲಿಲ್ಲ. ಮೂರು ವಾರ ಕಳೆದ ಮೇಲೆ ಗೋಡೆಯ ಮೇಲಿನ ಅಕ್ಷರ ಓದಿಸಿ, ಕೈಯಲ್ಲಿ ಕಾರ್ಡು ಹಿಡಿಸಿ ಅಳೆದು, ಅಂದುಕೊಂಡ ಹಾಗೇ ಕೂತಿದೆ ಎಂದಳು. "ಅಕ್ಸರ ಬುಡವ್ವ. ನನ್ ಹುಳ ಸೋಮ್ವಾರ ಹಣ್ಣಾಯ್ತವೆ. ಆವತ್ತು ನೀನೇ ಬಂದು ನೋಡು. ನಿಮ್ಮವ್ವನ್ನೂ ಕರ್ಕಂಬಾ" ಎಂದೆ.

ಸೋಮವಾರ ಬೆಳಗ್ಗೆ ಆರಕ್ಕೆ ಹುಳದ ಮನೆಯ ಬಾಗಿಲು ತೆಗೆದೆ. ಮಾದಯ್ಯ ಹಿಂದೆಯೇ ಬಂದ. ಮೊದಲ ತಟ್ಟೆಯಿಂದ ಒಂದು ಹುಳ ಎತ್ತಿ, ಮೊಣಕೈ ಸೊಂಟಕ್ಕೆ ಆನಿಸಿ ಹಿಡಿದೆ. ಹಸಿರು. ಕಾಯಿ. ಇನ್ನೊಂದು ಎತ್ತಿದೆ. ಕತ್ತಲ್ಲಿ ಕೂದಲೆಳೆಯಷ್ಟು ಹಳದಿ, ಸುತ್ತ ತಿಳಿ. ಹಣ್ಣು. ಹತ್ತು ನೋಡಿದೆ, ಇಪ್ಪತ್ತು ನೋಡಿದೆ. ಆಮೇಲೆ ನೋಡುವುದನ್ನು ಬಿಟ್ಟು ಅಳಲು ಶುರುಮಾಡಿದೆ.

"ಯಾಕೆ, ಕಾಣಾಕಿಲ್ವಾ?" ಎಂದು ಮಾದಯ್ಯ ಗಾಬರಿಯಾದ.

"ಕಾಣ್ತದೆ ಕಣೋ! ಎಲ್ಲಾ ಕಾಣ್ತದೆ! ಎರಡ್ ತಟ್ಟೆ ಹಣ್ಣು, ಮಿಕ್ಕಿದ್ದು ಮದ್ಯಾನುಕ್ಕೆ. ಓಗು, ಸೊಪ್ಪು ಕುಯ್ಕೊಂಬಾ."

ಅವನು ಕುರಿಯ ಮಾತು ಎತ್ತಲಿಲ್ಲ. ಕುಡುಗೋಲು ತಗೊಂಡು ಹೋದ.

ಹತ್ತು ಗಂಟೆಗೆ ಡಾಕ್ಟರ ಕಾರು ಬಂತು. ಸೋಮಮ್ಮ ಇಳಿದಳು. ಎಪ್ಪತ್ತು ದಾಟಿದೆ, ಕೂದಲು ಬೆಳ್ಳಗಾಗಿದೆ, ಬೆನ್ನು ಮಾತ್ರ ನೆಟ್ಟಗಿದೆ. ನೇರ ಬಂದು ಜಗಲಿಯ ಮೇಲೆ, ಮೊದಲು ಕೂರುತ್ತಿದ್ದ ಮೂಲೆಯಲ್ಲೇ ಕೂತಳು. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಆ ಮೂಲೆಯ ಮೇಲೆ.

"ಅಲ್ಯಾಕ್ ಕೂತ್ಯೇ ಸೋಮಕ್ಕ? ಒಳೀಕ್ ಬಾ."

"ಕರೆಯಕ್ಕೆ ಮೂವತ್ ವರ್ಸ ಬೇಕಾಯ್ತು ನಿಂಗೆ" ಎಂದಳು. ನಗಲಿಲ್ಲ. ಆಮೇಲೆ ಎದ್ದು ಒಳಗೆ ಬಂದಳು.

"ತಪ್ಪಾಯ್ತು ಕಣಕ್ಕ. ನೀನ್ ಕಲ್ಸಿದ್ದು ಅಂತ ಯಾರ್ಗೂ ಏಳ್ನಿಲ್ಲ ನಾನು. ಇವತ್ತು ಆಳುಗೊಳ್ ಮುಂದೆ ಏಳ್ತೀನಿ" ಎಂದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಸೋಮಮ್ಮ ತಟ್ಟೆಗಳ ಸಾಲನ್ನು ಒಂದು ಸುತ್ತು ನೋಡಿದಳು. ಎಷ್ಟೋ ವರ್ಷ ಹೊರಗಿನಿಂದ ನೋಡಿದ್ದ ಮನೆ ಅದು.

"ಆಮೇಲ್ ಮಾತಾಡಾನ. ಹುಳ ನಮ್ಗೆ ಕಾಯಾಕಿಲ್ಲ" ಎಂದು ಸೆರಗು ಸಿಕ್ಕಿಸಿ ಕೂತೇಬಿಟ್ಟಳು. ಅವಳ ಕೈ ನೋಡಬೇಕಿತ್ತು. ಒಂದು ತಟ್ಟೆಯಿಂದ ಎತ್ತುವುದು, ಬೆಳಕಿಗೆ ಹಿಡಿಯುವುದು, ಬಟ್ಟಲಿಗೆ ಹಾಕುವುದು. ಎತ್ತುವುದು, ಹಿಡಿಯುವುದು, ಹಾಕುವುದು. ಒಂದನ್ನೂ ವಾಪಸ್ ತಟ್ಟೆಗೆ ಇಡಲಿಲ್ಲ. "ಎಲ್ಲ ಹಣ್ಣಾಗವೆ ಕಣೆ ಇಂದ್ರಾ, ಒಳ್ಳೆ ಬೆಳೆ" ಎಂದಳು.

ನಾನು ಅವಳ ಬಟ್ಟಲಿಗೆ ಕೈಹಾಕಿದೆ. ಮೊದಲನೆಯದು ಕಾಯಿ. ಎರಡನೆಯದು ಹಣ್ಣು. ಮೂರನೆಯದು ಕಾಯಿ, ನಾಲ್ಕನೆಯದೂ ಕಾಯಿ. ಹೋದ ದೀಪಾವಳಿಯ ಬೆಳಗ್ಗೆ ಗೋಡೆಯ ಮೇಲೆ ಹರಿದಾಡುತ್ತಿದ್ದ ಹುಳಗಳೇ ಕಣ್ಣ ಮುಂದೆ ಬಂದವು.

"ಸೋಮಕ್ಕ, ನಿಮ್ಮನೇಲಿ ಬಿಳೀ ಬಟ್ಟೆ ಎಷ್ಟ್ ಸತಿ ಒಗೀತೀಯ?"

"ಅಯ್ಯೋ ಅದ್ಯಾಕ್ ಕೇಳ್ತೀಯ? ಮೂರ್ ಮೂರ್ ಸತಿ ಒಗುದ್ರೂ ಹಳ್ದಿ ಓಗಲ್ಲ. ಈಗ್ನ ಸೋಪು ಸರಿಯಿಲ್ಲ ಕಣೆ."

ನಾನು ಡಾಕ್ಟರ ಕಡೆ ತಿರುಗಿದೆ. ಅವಳಿಗೆ ಆಗಲೇ ಅರ್ಥವಾಗಿತ್ತು.

"ಅವ್ವಾ, ಕೇಳಿದಾಗೆಲ್ಲ ಚೆನ್ನಾಗ್ ಕಾಣ್ತದೆ ಅಂತಿದ್ದೆ ನೀನು" ಎಂದಳು.

"ಕಾಣ್ತದಲ್ಲ. ನೀನ್ ಊರೋರ್ ಕಣ್ಣೆಲ್ಲ ನೋಡೋಳು, ನಿಂಗ್ಯಾಕ್ ತೊಂದ್ರೆ ಕೊಡಾದು ಅಂತ ಬುಟ್ಟೆ."

"ಏನ್ ಡಾಕ್ಟ್ರವ್ವ ನೀನು!" ಎಂದು ನಾನು ಗದರಿಸಿಯೇ ಬಿಟ್ಟೆ. "ನನ್ ಕಣ್ಣ ಟೇಪ್ ಇಟ್ಟು ಅಳ್ದೆ, ನಿಮ್ಮವ್ವನ್ ಕಣ್ಗೆ ಒಂದ್ ಟಾರ್ಚ್ ಬುಡಕ್ ಆಗ್ನಿಲ್ವಾ? ನಾಳೆನೇ ಕರ್ಕಂಡೋಗು. ಲೇಸರ್ ಗೀಸರ್ ಏನೂ ಆಗಿಲ್ಲ ಅವ್ಳಿಗೆ, ನಿನ್ ಲೆಕ್ಕ ಸಲೀಸು. ತಿಳೀದೇ ಆಕ್ಬೇಕು. ದೂರ ಎಷ್ಟು ಅಂತ ಬರ್ಕೊಂಡಿದ್ದೀಯಲ್ಲ, ಅದೇ ದೂರ. ಅದು ಇವ್ಳ ದೂರ, ಇವ್ಳಿಂದ ನಂಗ್ ಬಂದಿದ್ದು."

ಡಾಕ್ಟರು ಹೂಂ ಎಂದಳು. ಅವಳ ಕಣ್ಣು ತುಂಬಿತ್ತು. ಸೋಮಮ್ಮ ಮಾತ್ರ ಒಪ್ಪಲಿಲ್ಲ. ಬಟ್ಟಲಿನಿಂದ ಒಂದು ಹುಳ ಎತ್ತಿ, ಮೊಣಕೈ ಸೊಂಟಕ್ಕೆ ಆನಿಸಿ, ಕಣ್ಣು ಕಿರಿದು ಮಾಡಿ ನೋಡಿದಳು. "ನಾನು ತಪ್ಪಿಲ್ಲ ಕಣೆ. ಇದು ಹಣ್ಣೇ."

ನಾನು ಅವಳ ಪಕ್ಕದಲ್ಲಿ ಕೂತೆ. ಅವಳ ಮಣಿಕಟ್ಟು ಹಿಡಿದು, ಹುಳದ ಕತ್ತನ್ನು ಬೆಳಕಿನ ಕಡೆ ಮೆಲ್ಲಗೆ ಓರೆ ಮಾಡಿದೆ.

"ಇದಿನ್ನೂ ಕಾಯಿ ಕಣಕ್ಕ" ಎಂದೆ.

ಅವಳು ನನ್ನ ಮುಖ ನೋಡಿದಳು, ಹುಳ ನೋಡಿದಳು. ಆಮೇಲೆ ಅದನ್ನು ತಟ್ಟೆಗೆ ಇಳಿಸಿ, ಅದರ ಮೇಲೆ ಒಂದು ಹಿಡಿ ಸೊಪ್ಪು ಹಾಕಿದಳು.